ಎಷ್ಟು ಹೊತ್ತು, ಎಷ್ಟು ದಿನ: ಅವಧಿಯ ಉದ್ದವನ್ನು ಇಂಗ್ಲಿಷಿನಲ್ಲಿ ಒತ್ತಿ ಹೇಳುವ ಬಗೆ

ಮೂರು ದಿನ ಮಳೆ ಬಂತು ಅನ್ನುವುದು ಒಂದು ಸುದ್ದಿ. ಮೂರು ದಿನ ಒಂದೇ ಸಮನೆ ಮಳೆ ಹೊಡೆಯಿತು ಅನ್ನುವುದು ಬೇರೆಯೇ ಸುದ್ದಿ. ಕಾಫಿ ತೋಟದಲ್ಲಿ ಇವೆರಡರ ನಡುವಿನ ವ್ಯತ್ಯಾಸ ದುಡ್ಡಿನ ವ್ಯತ್ಯಾಸ. ಮಳೆ ಬಿಟ್ಟು ಬಿಟ್ಟು ಬಂದರೆ ಗಿಡದ ಮೇಲಿನ ನೀರು ನಡುವೆ ಆರುತ್ತದೆ. ಸಿಕ್ಕ ಹೊಳವಿನಲ್ಲಿ, ಅಂದರೆ ಮಳೆಯ ಬಿಡುವಿನಲ್ಲಿ, ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಬಹುದು. ಬಿಡದೆ ಹೊಡೆದರೆ ಎಲೆ ಒದ್ದೆಯಾಗಿಯೇ ಇರುತ್ತದೆ, ಅರೇಬಿಕಾ ತಳಿಯ ಕಾಫಿಗೆ ಕೊಳೆರೋಗ ತಗಲುತ್ತದೆ, ಕಾಯಿ ಉದುರುತ್ತದೆ.

ನಾನು ಕೊಡಗಿನ ಮಾದಾಪುರದ ಕಡೆಯ ಒಂದು ತೋಟದಲ್ಲಿ ರೈಟರ್. ಚೆಕ್‌ರೋಲ್ (ಕೆಲಸದವರ ಹಾಜರಿ ಪುಸ್ತಕ) ಬರೆಯುವುದು, ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಲೆಕ್ಕ ಬರೆಯುವುದು, ವಾರಕ್ಕೊಮ್ಮೆ ಓನರಿಗೆ ಇಂಗ್ಲಿಷಿನಲ್ಲಿ ವರದಿ ಕಳಿಸುವುದು ನನ್ನ ಕೆಲಸ. ಓನರ್ ಇರುವುದು ಬೆಂಗಳೂರಿನಲ್ಲಿ. ಅವರು ತೋಟ ನೋಡುವುದು ನನ್ನ ವಾಕ್ಯಗಳ ಮೂಲಕ. ಸಂಜೆ ಹೊತ್ತು ಹೋಂಸ್ಟೇ ನಡೆಸುವ ಮನೆಯ ಮಕ್ಕಳು, ಜೀಪ್ ಓಡಿಸುವ ಹುಡುಗರು ಇಂಗ್ಲಿಷ್ ಮಾತು ಕಲಿಯಲು ಬರುತ್ತಾರೆ. ಅವರಿಗೆ ಹೇಳಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಅವಧಿಯ ಉದ್ದವನ್ನು ಒತ್ತಿ ಹೇಳುವ ಮಾತುಗಳು ಹಲವು ಇವೆ. ಪ್ರತಿಯೊಂದೂ ಬೇರೆ ಸುದ್ದಿ ಕೊಡುತ್ತದೆ. ಯಾವುದು ಏನು ಹೇಳುತ್ತದೆ ಅಂತ ತಿಳಿದು ಆರಿಸಬೇಕು. ಕಿವಿಗೆ ಚೆನ್ನಾಗಿ ಕೇಳುತ್ತದೆ ಅಂತ ಸುಮ್ನೆ ಯಾವುದೋ ಒಂದನ್ನು ಹಾಕಿದರೆ ಓದುವವರಿಗೆ ತಪ್ಪು ಸುದ್ದಿ ಹೋಗುತ್ತದೆ.

ಮೊದಲು ಒತ್ತಿಲ್ಲದ ವಾಕ್ಯ

ಒತ್ತು ಕೊಡುವ ಮೊದಲು ಬರೀ ವಾಕ್ಯ ಸರಿ ಇರಬೇಕು. ನಮ್ಮ ಕಡೆ ಜಾಸ್ತಿ ಕೇಳಿಬರುವುದು ‘ಇಟ್ ಈಸ್ ರೇನಿಂಗ್ ಸಿನ್ಸ್ ತ್ರೀ ಡೇಸ್’. ಇದು ಯಾಕೆ ಬರುತ್ತದೆ ಅಂದರೆ, ಕನ್ನಡದಲ್ಲಿ ‘ಮೂರು ದಿನದಿಂದ’ ಅನ್ನುತ್ತೇವೆ, ‘ಸೋಮವಾರದಿಂದ’ ಅಂತಲೂ ಅನ್ನುತ್ತೇವೆ. ಎರಡಕ್ಕೂ ಒಂದೇ ‘ಇಂದ’ ಸಾಕು. ಇಂಗ್ಲಿಷಿನಲ್ಲಿ ಅದಕ್ಕೆ ಎರಡು ದಾರಿ. ಶುರುವಾದ ಹೊತ್ತು ಹೇಳುವಾಗ ‘ಸಿನ್ಸ್’ ಬರುತ್ತದೆ: ‘ಸಿನ್ಸ್ ಮಂಡೇ’, ‘ಸಿನ್ಸ್ ಫೈವ್ ಇನ್ ದ ಮಾರ್ನಿಂಗ್’. ಉದ್ದ ಹೇಳುವಾಗ ‘ಫಾರ್’: ‘ಫಾರ್ ತ್ರೀ ಡೇಸ್’.

ಕ್ರಿಯಾಪದವನ್ನೂ ನೋಡಿಕೊಳ್ಳಿ. ಮಳೆ ಇನ್ನೂ ಹೊಡೆಯುತ್ತಿದ್ದರೆ ‘ಇಟ್ ಹ್ಯಾಸ್ ಬೀನ್ ರೇನಿಂಗ್ ಫಾರ್ ತ್ರೀ ಡೇಸ್’. ನಿಂತುಹೋಗಿದ್ದರೆ ‘ಇಟ್ ರೇನ್ಡ್ ಫಾರ್ ತ್ರೀ ಡೇಸ್’. ಮೊದಲನೆಯದನ್ನು ಓದಿದ ಓನರ್ ನಾಳೆ ಸ್ಪ್ರೇ ಆಗುವುದಿಲ್ಲ ಅಂತ ತಿಳಿದುಕೊಳ್ಳುತ್ತಾರೆ. ಎರಡನೆಯದನ್ನು ಓದಿದರೆ ಆಳು ಕರೆಸಿ ಅನ್ನುತ್ತಾರೆ. ‘ಡ್ಯೂರಿಂಗ್ ತ್ರೀ ಡೇಸ್’ ಅಂತ ಮಾತ್ರ ಬರೆಯಬೇಡಿ. ‘ಡ್ಯೂರಿಂಗ್’ ಯಾವಾಗ ಅಂತ ಹೇಳುತ್ತದೆ, ಎಷ್ಟು ಹೊತ್ತು ಅಂತ ಹೇಳುವುದಿಲ್ಲ.

ಇಡೀ ದಿನ, ರಾತ್ರಿಯಿಡೀ

ಕನ್ನಡದ ‘ಇಡೀ’ಗೆ ಇಂಗ್ಲಿಷಿನಲ್ಲಿ ಎರಡು ಮುಖ್ಯ ಜೋಡಿ ಇವೆ. ಒಂದು ‘ಆಲ್ ಡೇ’, ಇನ್ನೊಂದು ‘ದ ಹೋಲ್ ಡೇ’. ನಮ್ಮವರು ಎಡವುವುದು ಚಿಕ್ಕ ‘ದ’ದಲ್ಲಿ. ‘ಆಲ್’ ಜೊತೆ ‘ದ’ ಬೇಡ. ‘ಹೋಲ್ ಡೇ’ ಮುಂದೆ ‘ದ’ (ಕೆಲವೊಮ್ಮೆ ‘ಎ’) ಬೇಕೇ ಬೇಕು. ‘ಐ ವರ್ಕ್ಡ್ ಹೋಲ್ ಡೇ’ ಅಂತ ನಮ್ಮ ದೇಶದಲ್ಲಿ ಎಷ್ಟೋ ಜನ ಹೇಳುತ್ತಾರೆ. ಅರ್ಥ ಆಗುತ್ತದೆ, ಆದರೆ ಬರಹದಲ್ಲಿ ಅದು ತಪ್ಪೇ. ‘ಐ ವರ್ಕ್ಡ್ ದ ಹೋಲ್ ಡೇ’ ಅಥವಾ ‘ಐ ವರ್ಕ್ಡ್ ಆಲ್ ಡೇ’ ಅನ್ನಬೇಕು. ಇನ್ನೊಂದು ಮಾತು. ‘ಆಲ್ ಡೇ’ ಮುಂದೆ ‘ಫಾರ್’ ಬರುವುದಿಲ್ಲ. ‘ಫಾರ್ ಆಲ್ ಡೇ’ ಅಂತ ಯಾರೂ ಹೇಳುವುದಿಲ್ಲ. ‘ಫಾರ್ ದ ಹೋಲ್ ಡೇ’ ನಡೆಯುತ್ತದೆ.

‘ಆಲ್’ ಎಲ್ಲ ಅವಧಿಗೂ ಅಂಟಿಕೊಳ್ಳುವುದಿಲ್ಲ. ‘ಮಾರ್ನಿಂಗ್, ಡೇ, ನೈಟ್, ವೀಕ್, ಮಂತ್, ಇಯರ್, ಸಮ್ಮರ್’ ಇವುಗಳ ಜೊತೆ ಹೊಂದುತ್ತದೆ. ‘ಆಲ್ ಅವರ್’, ‘ಆಲ್ ಮಿನಿಟ್’ ಅಂತ ಇಲ್ಲ. ಗಂಟೆಗೆ ‘ಎ ಹೋಲ್ ಅವರ್’ ಅಥವಾ ‘ದ ಹೋಲ್ ಅವರ್’.

ಇನ್ನೂ ಜಾಸ್ತಿ ಎಳೆಯಬೇಕಾದರೆ ‘ಲಾಂಗ್’ ಸೇರಿಸಿ: ‘ಆಲ್ ಡೇ ಲಾಂಗ್’, ‘ಆಲ್ ನೈಟ್ ಲಾಂಗ್’. ಈ ಕಡೆಯ ತುದಿಯಿಂದ ಆ ಕಡೆಯ ತುದಿಯವರೆಗೆ ಅಂತ ಅರ್ಥ. ಇದಕ್ಕೆ ಮಡಿಕೇರಿ ದಸರಾಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು (ದೇವರ ಕಥೆ ತೋರಿಸುವ ಅಲಂಕೃತ ಗಾಡಿಗಳು) ಊರಲ್ಲಿ ಮೆರವಣಿಗೆ ಹೊರಡುತ್ತವೆ. ಬೆಳಗಾಗುವವರೆಗೂ ರಸ್ತೆಯಲ್ಲಿ ಜನ. ಹೋಂಸ್ಟೇಗೆ ಬಂದವರು ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಕೇಳುತ್ತಾರೆ. ‘ಇಟ್ ಗೋಸ್ ಆನ್ ಆಲ್ ನೈಟ್ ಲಾಂಗ್’ ಅನ್ನಿ. ‘ಇಟ್ ಗೋಸ್ ಆನ್ ರೈಟ್ ಥ್ರೂ ದ ನೈಟ್, ಅನ್ಟಿಲ್ ಡಾನ್’ ಅಂದರೆ ಇನ್ನೂ ಒಳ್ಳೆಯದು. ಆಗ ಅವರು ಸ್ವೆಟರ್ ತೆಗೆದುಕೊಂಡು ಹೊರಡುತ್ತಾರೆ. ‘ಇಟ್ ಈಸ್ ಅಟ್ ನೈಟ್’ ಅಂತಷ್ಟೇ ಹೇಳಿದರೆ ಹತ್ತು ಗಂಟೆಗೆ ಮುಗಿದು ಊಟಕ್ಕೆ ವಾಪಸ್ ಬರಬಹುದು ಅಂದುಕೊಳ್ಳುತ್ತಾರೆ.

ತಿಂಗಳ ಹೆಸರು ಬಂದಾಗ ‘ದ ಹೋಲ್ ಜುಲೈ’ ಅಂತ ಬರುವುದಿಲ್ಲ. ಹೆಸರಿನ ಮುಂದೆ ‘ಆಫ್’ ಬೇಕು: ‘ದ ಹೋಲ್ ಆಫ್ ಜುಲೈ’. ‘ಆಲ್ ಆಫ್ ಜುಲೈ’, ‘ಆಲ್ ಥ್ರೂ ಜುಲೈ’ ಕೂಡ ಸರಿ. ಕಕ್ಕಡ ತಿಂಗಳ ಬಗ್ಗೆ ಅತಿಥಿಗಳಿಗೆ ಹೇಳುವಾಗಲೂ ಹೀಗೇ. ‘ಇಟ್ ರೇನ್ಸ್ ಆಲ್ ಥ್ರೂ ಕಕ್ಕಡ’ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೂ ಮಳೆ ಅಂತ ಅವರಿಗೆ ಗೊತ್ತಾಗುತ್ತದೆ. ಮದ್ದುಸೊಪ್ಪಿನ ಪಾಯಸ ಮಾಡುವ ದಿನವೂ ಆ ನಡುವೆಯೇ ಬರುತ್ತದಲ್ವಾ, ಅದನ್ನೂ ಜೊತೆಗೆ ಹೇಳಿ.

‘ಥ್ರೂಔಟ್’ ಅಂತ ಇನ್ನೊಂದು ಪದ ಇದೆ. ಇದು ಬರಹದ ಪದ. ‘ಥ್ರೂಔಟ್ ದ ಮಾನ್ಸೂನ್’ ಅಂದರೆ ಆ ಕಾಲದ ಉದ್ದಕ್ಕೂ. ಆದರೆ ಇದರಲ್ಲಿ ಬಿಡುವಿಲ್ಲದೆ ಅನ್ನುವ ಅರ್ಥ ಇರಲೇಬೇಕು ಅಂತಿಲ್ಲ. ಮಳೆಗಾಲದ ಉದ್ದಕ್ಕೂ ಆಗಾಗ ರಸ್ತೆ ಮುಚ್ಚಿತು ಅನ್ನಲೂ ಇದೇ ಪದ ಸಾಕಾಗುತ್ತದೆ. ವರದಿಯಲ್ಲಿ ಈ ವ್ಯತ್ಯಾಸ ಮುಖ್ಯ.

ಗಂಟೆಗಟ್ಟಲೆ, ದಿನಗಟ್ಟಲೆ

ಲೆಕ್ಕ ಹೇಳದೆ ಉದ್ದವನ್ನು ಮಾತ್ರ ಹೇಳುವುದು ನಮ್ಮ ‘ಗಟ್ಟಲೆ’. ಇದಕ್ಕೆ ಇಂಗ್ಲಿಷಿನಲ್ಲಿ ಹತ್ತಿರದ್ದು ‘ಆನ್ ಎಂಡ್’. ‘ಫಾರ್ ಅವರ್ಸ್ ಆನ್ ಎಂಡ್’, ‘ಫಾರ್ ಡೇಸ್ ಆನ್ ಎಂಡ್’, ‘ಫಾರ್ ವೀಕ್ಸ್ ಆನ್ ಎಂಡ್’. ಪದ ಬಹುವಚನದಲ್ಲಿ ಇರಬೇಕು. ‘ಫಾರ್ ಎ ಡೇ ಆನ್ ಎಂಡ್’ ಅಂತ ಬರುವುದಿಲ್ಲ. ನಡುವೆ ಕಡಿಯದೆ ಅನ್ನುವ ಅರ್ಥ ಇದರೊಳಗೇ ಇದೆ. ಜೊತೆಗೆ ಸ್ವಲ್ಪ ಸಾಕಾಗಿಹೋಯಿತು ಅನ್ನುವ ಭಾವವೂ ಬರುತ್ತದೆ. ಆನೆ ಹಿಂಡು ತೋಟದಲ್ಲಿ ಬೀಡುಬಿಟ್ಟಾಗ ನಾನು ಬರೆಯುವುದು ‘ದ ಹರ್ಡ್ ಹ್ಯಾಸ್ ಸ್ಟೇಡ್ ಇನ್ ದ ಎಸ್ಟೇಟ್ ಫಾರ್ ಡೇಸ್ ಆನ್ ಎಂಡ್’. ಹಿಂಡು ಬಂದು ಹೋಗಿ ಮಾಡುತ್ತಿದ್ದರೆ ಈ ಮಾತು ಬರೆಯುವುದಿಲ್ಲ. ಆಗ ‘ಆನ್ ಅಂಡ್ ಆಫ್ ಫಾರ್ ಎ ವೀಕ್’ ಅನ್ನುತ್ತೇನೆ. ಮೊದಲನೆಯದರಲ್ಲಿ ಆ ಬ್ಲಾಕಿಗೆ ಕೆಲಸದವರನ್ನು ಕಳಿಸುವಂತಿಲ್ಲ. ಎರಡನೆಯದರಲ್ಲಿ ಬೆಳಿಗ್ಗೆ ನೋಡಿಕೊಂಡು ಕಳಿಸಬಹುದು. ಜನರ ಜೀವದ ವಿಷಯ ಇದು, ಹಾಗಾಗಿ ಈ ಒಂದು ಕಡೆ ನಾನು ಬಹಳ ಕಟ್ಟುನಿಟ್ಟು.

2018ರ ಆಗಸ್ಟಿನಲ್ಲಿ ನಮ್ಮ ಕಡೆ ಗುಡ್ಡಗಳು ಜಾರಿದ್ದನ್ನು ಯಾರೂ ಮರೆತಿಲ್ಲ. ಮಕ್ಕಂದೂರು, ಜೋಡುಪಾಲ, ಮಾದಾಪುರದ ಸುತ್ತಮುತ್ತ ಮನೆ, ತೋಟ, ರಸ್ತೆ ಎಲ್ಲ ಹೋದವು. ಹೊರಗಿನವರು ಆ ಬಗ್ಗೆ ಕೇಳಿದಾಗ ‘ರೋಡ್ಸ್ ವರ್ ಕ್ಲೋಸ್ಡ್’ ಅಂದರೆ ಏನೂ ಹೇಳಿದಂತೆ ಆಗುವುದಿಲ್ಲ. ‘ದ ರೋಡ್ ಟು ಮಂಗಳೂರು ಸ್ಟೇಡ್ ಶಟ್ ಫಾರ್ ವೀಕ್ಸ್ ಆನ್ ಎಂಡ್’ ಅಂದರೆ ಆ ದಿನಗಳ ಉದ್ದ ಕೇಳುವವರಿಗೆ ಸ್ವಲ್ಪವಾದರೂ ತಲುಪುತ್ತದೆ.

ನಮ್ಮ ದೇಶದಲ್ಲಿ ಇದೇ ಜಾಗಕ್ಕೆ ‘ಫಾರ್ ಅವರ್ಸ್ ಟುಗೆದರ್’ ಅನ್ನುವುದು ರೂಢಿ. ಕೆಲವರು ಅದನ್ನು ದೊಡ್ಡ ತಪ್ಪು ಅಂತ ಕೆಂಪು ಗೆರೆ ಎಳೆಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹಳೆಯ ಇಂಗ್ಲಿಷ್ ಬರಹದಲ್ಲೂ ಆ ಮಾತು ಇದೆ. ಅಲ್ಲಿ ಬಳಕೆ ಕಡಿಮೆಯಾಯಿತು, ಇಲ್ಲಿ ಉಳಿಯಿತು. ನಮ್ಮ ನಮ್ಮಲ್ಲಿ ಮಾತಾಡುವಾಗ ಧಾರಾಳವಾಗಿ ಬಳಸಿ. ಹೊರದೇಶದವರಿಗೆ ಬರೆಯುವಾಗ, ಪರೀಕ್ಷೆ ಬರೆಯುವಾಗ ‘ಆನ್ ಎಂಡ್’ ಆರಿಸಿಕೊಳ್ಳಿ. ‘ಅವರ್ಸ್ ಅಂಡ್ ಅವರ್ಸ್’, ‘ಇಯರ್ಸ್ ಅಂಡ್ ಇಯರ್ಸ್’ ಅಂತ ಎರಡು ಸಲ ಹೇಳುವುದೂ ಇದೆ. ಮಾತಿಗೆ ಚೆನ್ನಾಗಿರುತ್ತದೆ, ವರದಿಗೆ ಹಗುರ.

ಲೆಕ್ಕ ಗೊತ್ತಿದ್ದಾಗ

ಲೆಕ್ಕ ಗೊತ್ತಿದ್ದರೆ ಲೆಕ್ಕ ಹೇಳಿ ಅನ್ನುವುದು ನನ್ನ ನಿಯಮ. ಒತ್ತು ಕೊಡುವ ಪದವನ್ನು ಸಂಖ್ಯೆಯ ಪಕ್ಕದಲ್ಲಿ ಕೂರಿಸಬಹುದು. ಈ ಗುಂಪು ದೊಡ್ಡದು. ಜಾಸ್ತಿ ಗೊಂದಲ ಇರುವುದೂ ಇಲ್ಲೇ.

‘ತ್ರೀ ಹೋಲ್ ಡೇಸ್’ ಅಂದರೆ ಮೂರಕ್ಕೆ ಮೂರು ದಿನ, ಚೂರೂ ಕಡಿಮೆ ಇಲ್ಲ. ಹೇಳುವವರಿಗೆ ಅದು ಜಾಸ್ತಿ ಅನಿಸಿದೆ ಅನ್ನುವುದೂ ಅದರಲ್ಲಿದೆ. ಇಲ್ಲಿ ‘ಹೋಲ್’ ಸಂಖ್ಯೆ ಆದಮೇಲೆ ಬಂತು, ‘ದ’ ಹೋಯಿತು. ಮೂರೂ ದಿನ ಅನ್ನುವುದಕ್ಕೆ ‘ಆಲ್ ತ್ರೀ ಡೇಸ್’. ಇವೆರಡನ್ನು ಬೆರೆಸಬೇಡಿ. ಪುತ್ತರಿ ಹಬ್ಬಕ್ಕೆ ಬಂದ ನೆಂಟರು ಇದ್ದ ಮೂರೂ ದಿನ ಮಳೆ ಅಂದರೆ ‘ಆಲ್ ತ್ರೀ ಡೇಸ್’. ಆ ಮೂರು ದಿನ ಯಾವುದು ಅಂತ ಕೇಳುವವರಿಗೆ ಮೊದಲೇ ಗೊತ್ತಿರಬೇಕು. ಮೂರು ದಿನ ಪೂರ್ತಿ ಕರೆಂಟ್ ಇರಲಿಲ್ಲ ಅಂದರೆ ‘ತ್ರೀ ಹೋಲ್ ಡೇಸ್’.

‘ಎ ಫುಲ್ ತ್ರೀ ಡೇಸ್’ ಅಂದರೆ ಬರೋಬ್ಬರಿ ಮೂರು ದಿನ. ದಿನ ಮೂರಿದ್ದರೂ ಮುಂದೆ ಏಕವಚನದ ‘ಎ’ ಬಂತು. ಮೂರು ದಿನವನ್ನು ಒಟ್ಟಿಗೆ ಒಂದು ಕಟ್ಟು ಮಾಡಿ ಎತ್ತಿ ಹೇಳುವ ಬಗೆ ಅದು. ಕಾರ್ಯಪ್ಪನವರ ವಿಷಯ ಮಕ್ಕಳಿಗೆ ಹೇಳುವಾಗ ನಾನು ಈ ವಾಕ್ಯ ಬರೆಸುತ್ತೇನೆ. ಶನಿವಾರಸಂತೆಯಲ್ಲಿ 1899ರಲ್ಲಿ ಹುಟ್ಟಿದವರು, 1949ರ ಜನವರಿ 15ರಂದು ಭಾರತದ ಸೇನೆಗೆ ಮೊದಲ ಭಾರತೀಯ ಮಹಾದಂಡನಾಯಕರಾದವರು. 1953ರಲ್ಲಿ ನಿವೃತ್ತಿ. ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ. ‘ಹಿ ವಾಸ್ ಮೇಡ್ ಫೀಲ್ಡ್ ಮಾರ್ಷಲ್ ಎ ಫುಲ್ ಥರ್ಟಿ ತ್ರೀ ಇಯರ್ಸ್ ಆಫ್ಟರ್ ಹಿ ರಿಟೈರ್ಡ್’. ಆ ‘ಎ ಫುಲ್’ ತೆಗೆದು ಓದಿ ನೋಡಿ. ಲೆಕ್ಕ ಉಳಿಯುತ್ತದೆ, ಕಾಯಿಸಿದ್ದು ಜಾಸ್ತಿಯಾಯಿತು ಅನ್ನುವ ಭಾವ ಹೋಗುತ್ತದೆ.

ಲೆಕ್ಕ ಪಕ್ಕಾ ಇಲ್ಲ, ಆದರೆ ಅದಕ್ಕಿಂತ ಕಡಿಮೆ ಅಂತೂ ಅಲ್ಲ ಅನ್ನುವಾಗ ‘ಎ ಗುಡ್’ ಬಳಸಿ. ‘ಎ ಗುಡ್ ಫೋರ್ ಅವರ್ಸ್’ ಅಂದರೆ ಏನಿಲ್ಲ ಅಂದರೂ ನಾಲ್ಕು ಗಂಟೆ. ಇಲ್ಲಿ ‘ಗುಡ್’ ಅಂದರೆ ಒಳ್ಳೆಯದು ಅಂತ ಅಲ್ಲ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಶನಿವಾರದ ಜನಜಂಗುಳಿಯಲ್ಲಿ ಕುಶಾಲನಗರ ದಾಟುವುದೇ ಕಷ್ಟ. ಬರುವ ಅತಿಥಿಗೆ ‘ಇಟ್ ವಿಲ್ ಟೇಕ್ ಎ ಗುಡ್ ಫೋರ್ ಅವರ್ಸ್ ಆನ್ ಎ ಸ್ಯಾಟರ್‌ಡೇ’ ಅಂತ ಮೆಸೇಜ್ ಹಾಕಿದರೆ ಅವರು ಬೇಗ ಹೊರಡುತ್ತಾರೆ. ಬರೀ ‘ಫೋರ್ ಅವರ್ಸ್’ ಅಂದರೆ ಮೂರೂವರೆಯಲ್ಲಿ ಬರಬಹುದು ಅಂತ ಲೆಕ್ಕ ಹಾಕುತ್ತಾರೆ. ಹೋಂಸ್ಟೇಯವರಿಗೆ ನಾನು ಮೊದಲು ಕಲಿಸುವ ಮಾತು ಇದೇ. ನನ್ನ ಪ್ರಕಾರ ಈ ಇಡೀ ಗುಂಪಿನಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದೂ ಇದೇ.

ಇನ್ನು ‘ಸಾಲಿಡ್’, ‘ಸ್ಟ್ರೇಟ್’, ‘ರನ್ನಿಂಗ್’, ‘ಇನ್ ಎ ರೋ’. ನಾಲ್ಕೂ ಒಂದೇ ಅಂತ ಅನಿಸುತ್ತದೆ, ಆದರೆ ಹಾಗಲ್ಲ. ‘ತ್ರೀ ಸಾಲಿಡ್ ಡೇಸ್ ಆಫ್ ರೇನ್’ ಅಂದರೆ ನಡುವೆ ಹೊಳವೇ ಇಲ್ಲದ ಮಳೆ. ‘ತ್ರೀ ಡೇಸ್ ರನ್ನಿಂಗ್’, ‘ತ್ರೀ ಡೇಸ್ ಇನ್ ಎ ರೋ’ ಅಂದರೆ ಒಂದರ ಹಿಂದೆ ಒಂದು ಮೂರು ದಿನವೂ ಮಳೆ ಬಂತು ಅಂತ. ದಿನಕ್ಕೆ ಒಂದು ಗಂಟೆ ಬಂದಿದ್ದರೂ ಈ ಮಾತು ಸರಿಯೇ. ‘ತ್ರೀ ಡೇಸ್ ಸ್ಟ್ರೇಟ್’ ಎರಡೂ ಕಡೆ ವಾಲುತ್ತದೆ. ಹಾಗಾಗಿ ಕೊಳೆರೋಗದ ಭಯ ಇರುವ ಜುಲೈ, ಆಗಸ್ಟಿನ ವರದಿಯಲ್ಲಿ ನಾನು ‘ಸ್ಟ್ರೇಟ್’ ಬಳಸುವುದಿಲ್ಲ. ಬಿಡದ ಮಳೆಗೆ ‘ಸಾಲಿಡ್’ ಅಥವಾ ‘ವಿದೌಟ್ ಎ ಬ್ರೇಕ್’. ದಿನಾ ಸಂಜೆ ಬಂದು ಹೋಗುವ ಮಳೆಗೆ ‘ಫೋರ್ ಈವ್ನಿಂಗ್ಸ್ ರನ್ನಿಂಗ್’. ಮಾರ್ಚ್, ಏಪ್ರಿಲಿನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಸಮಯದಲ್ಲಿ ಈ ಎರಡನೆಯದು ಬೇಕಾಗುತ್ತದೆ. ಜಾಗದ ವಿಷಯವೂ ನೆನಪಿರಲಿ. ‘ಸಾಲಿಡ್’ ಸಂಖ್ಯೆ ಮತ್ತು ದಿನದ ನಡುವೆ ಕೂರುತ್ತದೆ, ‘ತ್ರೀ ಡೇಸ್ ಸಾಲಿಡ್’ ಅಂತ ದಿನ ಆದಮೇಲೂ ಬರಬಹುದು. ‘ಸ್ಟ್ರೇಟ್’ ಹೆಚ್ಚಾಗಿ ದಿನ ಆದಮೇಲೆ ಬರುತ್ತದೆ. ‘ರನ್ನಿಂಗ್’, ‘ಇನ್ ಎ ರೋ’ ಯಾವಾಗಲೂ ದಿನ ಆದಮೇಲೆಯೇ.

‘ಅಟ್ ಎ ಸ್ಟ್ರೆಚ್’ ಮನುಷ್ಯರ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ. ‘ಹಿ ಡ್ರೋವ್ ಫೈವ್ ಅವರ್ಸ್ ಅಟ್ ಎ ಸ್ಟ್ರೆಚ್’: ಎಲ್ಲೂ ಇಳಿಯದೆ ಐದು ಗಂಟೆ ಗಾಡಿ ಓಡಿಸಿದ.

ಮನಸ್ಸಿಗೆ ಭಾರವಾದ ಅವಧಿಗೆ ‘ಲಾಂಗ್’ ಅನ್ನು ನಡುವೆ ಹಾಕುತ್ತಾರೆ. ‘ತ್ರೀ ಲಾಂಗ್ ಮಂತ್ಸ್’. ಮೂರು ತಿಂಗಳು ಎಲ್ಲರಿಗೂ ಒಂದೇ ಅಳತೆ, ಆದರೆ ಗಡಿಯಲ್ಲಿರುವ ಮಗನ ಫೋನಿಗೆ ಕಾಯುವ ತಾಯಿಗೆ ಅದು ‘ತ್ರೀ ಲಾಂಗ್ ಮಂತ್ಸ್’. ಸೇನೆಯಲ್ಲಿ ಮಕ್ಕಳಿರುವ ಮನೆ ನಮ್ಮಲ್ಲಿ ಎಷ್ಟೋ ಇವೆ. ಅವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟದ ವರದಿಯಲ್ಲಿ ಇದಕ್ಕೆ ಜಾಗ ಇಲ್ಲ, ಕಾಗದದಲ್ಲಿ ಇದೆ.

ವರ್ಷಗಳ, ಶತಮಾನಗಳ ಲೆಕ್ಕ

ದೊಡ್ಡ ಅವಧಿಗೆ ‘ವೆಲ್ ಓವರ್’ ಮತ್ತು ‘ದ ಬೆಸ್ಟ್ ಪಾರ್ಟ್ ಆಫ್’ ಕಲಿತರೆ ಬಹಳಷ್ಟು ಕೆಲಸ ಆಗುತ್ತದೆ. ಮಡಿಕೇರಿ ಕೋಟೆ ತೋರಿಸುವ ಹುಡುಗರಿಗೆ ಇವು ದಿನಾ ಬೇಕು. ಬ್ರಿಟಿಷರು ಕೊಡಗನ್ನು ತೆಗೆದುಕೊಂಡದ್ದು 1834ರಲ್ಲಿ, ಹೋದದ್ದು 1947ರಲ್ಲಿ. ‘ದ ಬ್ರಿಟಿಷ್ ರೂಲ್ಡ್ ಕೂರ್ಗ್ ಫಾರ್ ವೆಲ್ ಓವರ್ ಎ ಸೆಂಚುರಿ’ ಅನ್ನಬಹುದು. ‘ಓವರ್ ಎ ಸೆಂಚುರಿ’ ಅಂದರೆ ನೂರು ದಾಟಿತು ಅಂತಷ್ಟೇ. ‘ವೆಲ್’ ಸೇರಿದರೆ ಚೆನ್ನಾಗಿಯೇ ದಾಟಿತು ಅಂತ.

‘ದ ಬೆಸ್ಟ್ ಪಾರ್ಟ್ ಆಫ್’ ಅಂದರೆ ಹೆಚ್ಚುಕಮ್ಮಿ ಪೂರ್ತಿ. ‘ಗುಡ್’ ವಿಷಯದಲ್ಲಿ ಹೇಳಿದ್ದೇ ಇಲ್ಲೂ. ಅತಿ ಒಳ್ಳೆಯ ಭಾಗ ಅಂತ ಅರ್ಥ ಮಾಡಬೇಡಿ. ಕೊಡಗು ಪಾರ್ಟ್ ಸಿ ರಾಜ್ಯವಾಗಿ, ಅಂದರೆ ಕೇಂದ್ರದ ಹಿಡಿತದಲ್ಲಿದ್ದ ಚಿಕ್ಕ ರಾಜ್ಯವಾಗಿ, 1950ರ ಜನವರಿಯಿಂದ 1956ರ ನವೆಂಬರ್ 1ರಂದು ಮೈಸೂರಿಗೆ ಸೇರುವವರೆಗೆ ಇತ್ತು. ಏಳು ವರ್ಷಕ್ಕೆ ಸ್ವಲ್ಪ ಕಡಿಮೆ. ‘ಫಾರ್ ದ ಬೆಸ್ಟ್ ಪಾರ್ಟ್ ಆಫ್ ಸೆವೆನ್ ಇಯರ್ಸ್’ ಇದಕ್ಕೆ ಸರಿಯಾಗಿ ಕೂರುತ್ತದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಸುಮಾರು ಒಂದು ತಿಂಗಳು ನಡೆಯುತ್ತದಲ್ವಾ, ಅದಕ್ಕೆ ‘ಫಾರ್ ದ ಬೆಸ್ಟ್ ಪಾರ್ಟ್ ಆಫ್ ಎ ಮಂತ್’. ಅಮೆರಿಕದವರು ‘ದ ಬೆಟರ್ ಪಾರ್ಟ್ ಆಫ್’ ಅನ್ನುವುದು ಜಾಸ್ತಿ.

ಇನ್ನು ಕೆಲವು

‘ಡೇ ಇನ್, ಡೇ ಔಟ್’ ಅಂದರೆ ದಿನ ಬೆಳಗಾದರೆ ಅದೇ ಕೆಲಸ. ಕಾಫಿ ಕುಯ್ಲಿನ ಕಾಲಕ್ಕೆ ಸರಿಹೊಂದುತ್ತದೆ. ‘ಎವ್ರಿ ಸಿಂಗಲ್ ಡೇ’ ಅಂದರೆ ಒಂದು ದಿನವೂ ಬಿಡದೆ. ‘ರೌಂಡ್ ದ ಕ್ಲಾಕ್’ ಅಂದರೆ ಹಗಲೂ ರಾತ್ರಿ, ಇಪ್ಪತ್ತನಾಲ್ಕು ಗಂಟೆ. ಆಸ್ಪತ್ರೆ, ಕಾವಲು ಇಂಥದಕ್ಕೆ ಹೊಂದುತ್ತದೆ. ‘ಆಲ್ ಇಯರ್ ರೌಂಡ್’ ಅಂದರೆ ವರ್ಷದ ಎಲ್ಲ ಕಾಲದಲ್ಲೂ. ‘ಫಾರ್ ಏಜಸ್’ ಆಪ್ತರ ನಡುವಿನ ಮಾತು: ‘ಐ ಹ್ಯಾವಂಟ್ ಸೀನ್ ಯು ಫಾರ್ ಏಜಸ್’. ನಮ್ಮ ‘ಯಾವ ಕಾಲ ಆಯ್ತು ನಿನ್ನ ನೋಡಿ’ ಅನ್ನುವ ಹಾಗೆ. ಮೇಲಧಿಕಾರಿಗೆ ಬರೆಯುವ ಪತ್ರದಲ್ಲಿ ಬೇಡ.

‘ನಾಟ್ ಅನ್ಟಿಲ್’ ಅನ್ನು ಮಾತ್ರ ಬಿಡಬೇಡಿ. ಆರನೇ ದಿನಕ್ಕೇ ಕರೆಂಟ್ ಬಂದದ್ದು ಅನ್ನುತ್ತೇವೆ. ಒತ್ತೆಲ್ಲ ಆ ‘ಏ’ದಲ್ಲಿದೆ. ಇಂಗ್ಲಿಷಿನಲ್ಲಿ ‘ದ ಪವರ್ ಡಿಡ್ ನಾಟ್ ಕಮ್ ಬ್ಯಾಕ್ ಅನ್ಟಿಲ್ ದ ಸಿಕ್ಸ್ತ್ ಡೇ’. ‘ದ ಪವರ್ ಕೇಮ್ ಬ್ಯಾಕ್ ಆನ್ ದ ಸಿಕ್ಸ್ತ್ ಡೇ’ ಅಂದರೆ ಆ ಒತ್ತು ಇರುವುದಿಲ್ಲ.

ಎಡವುವ ಜಾಗಗಳು

‘ಐ ವೇಟೆಡ್ ಲಾಂಗ್’ ಅನ್ನುವುದು ತುಂಬಾ ಕೇಳಿಸುತ್ತದೆ. ‘ಲಾಂಗ್’, ‘ಫಾರ್ ಲಾಂಗ್’ ಇವು ಪ್ರಶ್ನೆಯಲ್ಲಿ, ಇಲ್ಲ ಅನ್ನುವ ವಾಕ್ಯದಲ್ಲಿ ಸಹಜ. ‘ಡಿಡ್ ಯು ವೇಟ್ ಲಾಂಗ್?’, ‘ದ ರೇನ್ ಡಿಡ್ ನಾಟ್ ಲಾಸ್ಟ್ ಫಾರ್ ಲಾಂಗ್’. ಹೌದು ಅನ್ನುವ ವಾಕ್ಯಕ್ಕೆ ‘ಎ ಲಾಂಗ್ ಟೈಮ್’ ಬೇಕು: ‘ಐ ವೇಟೆಡ್ ಎ ಲಾಂಗ್ ಟೈಮ್’.

‘ಆಲ್ ಆಫ್’ ಬಗ್ಗೆ ಎಚ್ಚರ. ‘ಆಲ್ ಆಫ್ ಜುಲೈ’ ಅಂದರೆ ಜುಲೈ ಪೂರ್ತಿ. ಆದರೆ ಸಂಖ್ಯೆ ಬಂದರೆ ಅರ್ಥ ಎಷ್ಟೋ ಸಲ ತಿರುಗುತ್ತದೆ. ‘ಇಟ್ ಟುಕ್ ಆಲ್ ಆಫ್ ಫೈವ್ ಮಿನಿಟ್ಸ್’ ಅಂದರೆ ಐದೇ ನಿಮಿಷ ಹಿಡಿಯಿತು, ಅಷ್ಟೇ ಅಂತ. ಉದ್ದ ಹೇಳಲು ಹೋಗಿ ಗಿಡ್ಡ ಹೇಳಿದಂತೆ ಆಗುತ್ತದೆ.

‘ಅಪ್ ಟು’ ಹೆಚ್ಚೆಂದರೆ ಎಷ್ಟು ಅಂತ ಹೇಳುತ್ತದೆ. ‘ದ ಚೆರಿ ಟೇಕ್ಸ್ ಅಪ್ ಟು ಟೂ ವೀಕ್ಸ್ ಟು ಡ್ರೈ’ ಅಂದರೆ ಕಾಫಿ ಹಣ್ಣು ಎರಡು ವಾರದೊಳಗೆ ಒಣಗುತ್ತದೆ ಅಂತ ಓದುವವರು ತಿಳಿಯುತ್ತಾರೆ. ಕಣದಲ್ಲಿ ಮೋಡ ಕವಿದ ದಿನಗಳು ಇದ್ದರೆ ಹಾಗೆ ಬರೆಯಬೇಡಿ. ‘ಅಟ್ ಲೀಸ್ಟ್ ಟೂ ವೀಕ್ಸ್’ ಅಥವಾ ‘ಎ ಗುಡ್ ಟೂ ವೀಕ್ಸ್’ ಬರೆಯಿರಿ.

ಒಂದೇ ವಾಕ್ಯದಲ್ಲಿ ಎರಡು ಒತ್ತು ಬೇಡ. ‘ಫಾರ್ ಎ ಫುಲ್ ತ್ರೀ ಹೋಲ್ ಡೇಸ್ ಆನ್ ಎಂಡ್’ ಅಂತ ಪೇರಿಸಿದರೆ ಯಾವ ಪದಕ್ಕೂ ಬಲ ಇರುವುದಿಲ್ಲ. ದೂರು ಬರೆಯುವಾಗ ಈ ಆಸೆ ಜಾಸ್ತಿ ಬರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದು ಕತ್ತಲಲ್ಲಿ ಕೂತವರಿಗೆ ಸಿಟ್ಟು ಬರುವುದು ಸಹಜ. ಆದರೆ ಪತ್ರ ಓದುವವರಿಗೆ ಬೇಕಾದದ್ದು ತಾರೀಖು. ‘ವಿ ಹ್ಯಾವ್ ಬೀನ್ ವಿದೌಟ್ ಪವರ್ ಫಾರ್ ಸಿಕ್ಸ್ ಹೋಲ್ ಡೇಸ್, ಸಿನ್ಸ್ ದ ಥರ್ಡ್ ಆಫ್ ಆಗಸ್ಟ್’. ಉದ್ದವೂ ಬಂತು, ಶುರುವೂ ಬಂತು, ಒತ್ತು ಒಂದೇ. ಇದಕ್ಕಿಂತ ಬಲವಾದ ವಾಕ್ಯ ಬೇಕಾಗಿಲ್ಲ.

ಹಾಗೆಯೇ ಇಲ್ಲದ ಉದ್ದವನ್ನು ಹೇಳಬಾರದು. ನಲವತ್ತು ನಿಮಿಷದ ಮಳೆಗೆ ‘ಅವರ್ಸ್ ಆನ್ ಎಂಡ್’ ಅಂದರೆ, ಮುಂದಿನ ವಾರ ನಿಜವಾಗಿ ಗಂಟೆಗಟ್ಟಲೆ ಹೊಡೆದಾಗ ಓನರ್ ನಿಮ್ಮ ಮಾತನ್ನು ಅರ್ಧಕ್ಕೆ ಇಳಿಸಿಕೊಂಡು ಓದುತ್ತಾರೆ. ಅತಿಥಿಗಳೂ ಹಾಗೇ. ಜೂನ್ ಕೊನೆಗೆ ಬರುವವರು ಮಳೆ ಹೇಗಿದೆ ಅಂತ ಕೇಳಿದರೆ ಬುಕ್ಕಿಂಗ್ ಹೋಗುತ್ತದೆ ಅಂತ ಹೆದರಿ ‘ಆನ್ ಅಂಡ್ ಆಫ್’ ಅನ್ನಬೇಡಿ. ‘ಇಟ್ ಕ್ಯಾನ್ ರೇನ್ ಫಾರ್ ಡೇಸ್ ಆನ್ ಎಂಡ್’ ಅಂತಲೇ ಹೇಳಿ. ಮಳೆ ನೋಡಲೆಂದೇ ಬರುವವರು ಇದ್ದಾರೆ. ಅವರು ಬೂಟು, ಛತ್ರಿ, ಓದಲು ಪುಸ್ತಕ ತಂದು ಜಗಲಿಯಲ್ಲಿ ಕೂತು ಖುಷಿಪಡುತ್ತಾರೆ.

ಬಾಯಲ್ಲಿ ಹೇಳುವಾಗ

ಕನ್ನಡದಲ್ಲಿ ನಾವು ಸ್ವರವನ್ನೇ ಎಳೆಯುತ್ತೇವೆ. ‘ರಾತ್ರಿಯಿಡೀ’ ಅನ್ನುವಾಗ ‘ಡೀ’ ಎಷ್ಟು ಉದ್ದ ಹೋಗುತ್ತದೋ ರಾತ್ರಿಯೂ ಅಷ್ಟು ಉದ್ದ. ಇಂಗ್ಲಿಷಿನಲ್ಲಿ ಎಳೆಯುವುದಕ್ಕಿಂತ ಜಾಸ್ತಿ ಕೆಲಸ ಮಾಡುವುದು ಒತ್ತಿ ಹೇಳುವುದು. ಯಾವ ಪದದ ಮೇಲೆ ಒತ್ತಬೇಕು ಅಂತ ಗೊತ್ತಿರಬೇಕು. ‘ತ್ರೀ ಹೋಲ್ ಡೇಸ್’ ಅನ್ನುವಾಗ ‘ಹೋಲ್’ ಮೇಲೆ. ‘ಫಾರ್ ಅವರ್ಸ್ ಆನ್ ಎಂಡ್’ ಅನ್ನುವಾಗ ‘ಎಂಡ್’ ಮೇಲೆ. ನಮ್ಮ ಹುಡುಗರು ‘ಆನ್’ ಮೇಲೆ ಒತ್ತುತ್ತಾರೆ, ಆಗ ಬೇರೇನೋ ಕೇಳಿಸುತ್ತದೆ. ‘ಎ ಗುಡ್ ಫೋರ್ ಅವರ್ಸ್’ ಅನ್ನುವಾಗ ‘ಗುಡ್’ ಮತ್ತು ‘ಫೋರ್’ ಎರಡಕ್ಕೂ ಒತ್ತು ಬೇಕು, ‘ಎ’ ಬೇಗ ಹಾರಿಹೋಗಬೇಕು. ‘ಆಲ್ ನೈಟ್ ಲಾಂಗ್’ನಲ್ಲಿ ಮಾತ್ರ ಮೂರೂ ಪದವನ್ನು ನಿಧಾನವಾಗಿ, ಸಮನಾಗಿ ಹೇಳಬಹುದು.

ಅಭ್ಯಾಸಕ್ಕೆ ಮಳೆ ಪುಸ್ತಕ ಸಾಕು. ಪ್ರತಿ ತೋಟದಲ್ಲೂ ಒಂದು ಇರುತ್ತದೆ. ಒಂದು ಸಾಲು ತೆಗೆದುಕೊಳ್ಳಿ. ಎಷ್ಟು ಇಂಚು, ಎಷ್ಟು ಸೆಂಟು ಅಂತ ಇದೆ ನೋಡಿ. ಬಿಟ್ಟು ಬಿಟ್ಟು ಬಂತೋ, ಒಂದೇ ಸಮನೆ ಬಂತೋ ಅಂತ ನೆನಪು ಮಾಡಿಕೊಳ್ಳಿ. ಅದಕ್ಕೆ ಹೊಂದುವ ಒಂದೇ ಮಾತನ್ನು ಆರಿಸಿ, ವಾಕ್ಯ ಕಟ್ಟಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಮಾರನೇ ದಿನ ಅದೇ ಸಾಲನ್ನು ನೋಡದೆ ಹೇಳಿ. ಪುಸ್ತಕದಲ್ಲಿ ಆ ದಿನ ಎಷ್ಟು ಹೊತ್ತು ಮಳೆ ಅಂತ ಬರೆದಿಲ್ಲವಾದರೆ, ಇವತ್ತಿನಿಂದ ಸೆಂಟಿನ ಪಕ್ಕದಲ್ಲಿ ಶುರುವಾದ ಗಂಟೆ, ನಿಂತ ಗಂಟೆ ಎರಡನ್ನೂ ಬರೆದಿಡಿ.